ನಮ್ಮ ಹಿರಿಯರು ಹುಟ್ಟಿದ ದಿನ

ಗುಬ್ಬಿ ತಾಲ್ಲೂಕಿನ ಕಡಬದಂತಹ ಹಳೆಯ ಊರಿನಲ್ಲಿ ಗೃಹಸ್ಥರೊಬ್ಬರನ್ನು ಕೇಳಿದರೆ, ತಮ್ಮ ತಾತನವರು ತೀರಿಕೊಂಡ ತಿಥಿಯನ್ನು ತಡವರಿಸದೆ ಹೇಳಿಯಾರು. ಮಾಸ, ಪಕ್ಷ, ತಿಥಿ ಮೂರೂ ಅವರ ನಾಲಗೆಯ ತುದಿಯಲ್ಲಿರುತ್ತವೆ. ಏಕೆಂದರೆ ವರ್ಷಕ್ಕೊಮ್ಮೆ ಆ ದಿನ ಮನೆಯಲ್ಲಿ ಶ್ರಾದ್ಧ ನಡೆಯಬೇಕು. ಆ ವಿಧಿಯಿಲ್ಲದ ಎಷ್ಟೋ ಮನೆಗಳಲ್ಲಿಯೂ ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಡುವುದು ತಪ್ಪುವುದಿಲ್ಲ. ಆದರೆ ಅದೇ ತಾತನವರು ಹುಟ್ಟಿದ ದಿನ ಯಾವುದು, ಅವರ ತೊಟ್ಟಿಲು ತೂಗಿದ್ದು ಯಾವ ಊರಿನ ಯಾವ ಮನೆಯಲ್ಲಿ, ಅವರಿಗೆ ಆ ಹೆಸರನ್ನು ಇಟ್ಟವರು ಯಾರು, ಏಕೆ ಇಟ್ಟರು ಎಂದು ಕೇಳಿದರೆ ಮನೆಯವರೆಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡುವರು. ಅಜ್ಜಿಯ ವಿಷಯವಾಗಿ ಕೇಳಿದರಂತೂ ತವರೂರಿನ ಹೆಸರನ್ನು ಹೇಳುವಷ್ಟರಲ್ಲಿಯೇ ಮಾತು ಮುಗಿದುಹೋಗುವುದುಂಟು.

ಇದೊಂದು ವಿಚಿತ್ರ ಸಂಗತಿ. ಮನೆಗೆ ಮಗು ಬಂದ ದಿನ ಸಂತೋಷದ ದಿನ. ಊರಿಗೆಲ್ಲ ಸಕ್ಕರೆ ಹಂಚಿದ ದಿನ. ಆ ದಿನವನ್ನು ಮರೆತು, ಕಣ್ಣೀರಿಟ್ಟ ದಿನವನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು ಬಂದಿರುವೆವು. ಇದಕ್ಕೆ ನಮ್ಮ ಹಿರಿಯರ ಅನಾದರವು ಕಾರಣವೆಂದು ನಾವು ಹೇಳಲಾರೆವು. ಯಾವುದನ್ನು ನೆನೆಯಲೇಬೇಕೆಂಬ ಕಟ್ಟಳೆಯಿರುವುದೋ ಅದು ಉಳಿಯುವುದು. ಕಟ್ಟಳೆಯಿಲ್ಲದ್ದು, ಎಷ್ಟು ಪ್ರಿಯವಾದುದಾದರೂ, ಎರಡು ತಲೆಮಾರಿನೊಳಗೆ ಅಳಿಸಿಹೋಗುವುದು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ: ಹುಟ್ಟನ್ನು ಬರೆದಿಡುವ ಹೊಣೆಯನ್ನು ಯಾರು ಹೊತ್ತರು, ಯಾರಿಗಾಗಿ ಹೊತ್ತರು, ಅವರು ಬಿಟ್ಟುಹೋದವರನ್ನು ಈಗ ನಾವು ಹೇಗೆ ಕೂಡಿಸಿಕೊಳ್ಳಬಹುದು ಎಂಬುದು.

ಕಡಬವು ಬರವಣಿಗೆಗೆ ಹೊಸದಾದ ಊರಲ್ಲ. ಕದಂಬ ಋಷಿಯ ಆಶ್ರಮವಿದ್ದುದರಿಂದ ಊರಿಗೆ ಈ ಹೆಸರು ಬಂದಿತೆಂದೂ, ಅಲ್ಲಿನ ದೊಡ್ಡ ಕೆರೆಯು ಲಂಕೆಯಿಂದ ಹಿಂದಿರುಗುತ್ತಿದ್ದ ಶ್ರೀರಾಮನು ಸೀತಾದೇವಿಯ ಅಪೇಕ್ಷೆಯಂತೆ ಕಟ್ಟಿಸಿದುದೆಂದೂ ಸ್ಥಳಪುರಾಣವು ಹೇಳುತ್ತದೆ. ಪುರಾಣವನ್ನು ಬಿಟ್ಟು ಚರಿತ್ರೆಗೆ ಬಂದರೆ, ಚರಿತ್ರಕಾರರಿಗೆ ಈ ಊರಿನ ಹೆಸರು ಪರಿಚಿತವಾಗಿರುವುದು ‘ಕಡಬದ ತಾಮ್ರಶಾಸನ’ದಿಂದ. ರಾಷ್ಟ್ರಕೂಟ ಚಕ್ರವರ್ತಿಯಾದ ಪ್ರಭೂತವರ್ಷ ಮೂರನೆಯ ಗೋವಿಂದನ ಈ ಶಾಸನವು ಶಕವರ್ಷ 735ರದು; ಎಂದರೆ ಕ್ರಿಸ್ತಶಕ 812-13ರ ಸುಮಾರಿನದು. ಚಾಕಿರಾಜನೆಂಬ ಅಧಿಕಾರಿಯ ಬಿನ್ನಹದ ಮೇರೆಗೆ, ಜಾಲಮಂಗಲವೆಂಬ ಗ್ರಾಮವನ್ನು ಅರ್ಕಕೀರ್ತಿಯೆಂಬ ಜೈನಮುನಿಗೆ ಜಿನಾಲಯದ ಸಲುವಾಗಿ ದತ್ತಿ ಕೊಟ್ಟ ವಿಷಯ ಇದರಲ್ಲಿದೆ. ದತ್ತಿಗೆ ಕಾರಣವೂ ಕುತೂಹಲಕರವಾದುದು. ಕುನುಂಗಿಲ್ ನಾಡನ್ನು, ಎಂದರೆ ಇಂದಿನ ಕುಣಿಗಲ್ ಪ್ರಾಂತವನ್ನು, ಆಳುತ್ತಿದ್ದ ವಿಮಲಾದಿತ್ಯನೆಂಬುವನಿಗೆ ಶನಿಪೀಡೆಯುಂಟಾಗಿದ್ದಿತು. ಮುನಿಯು ಅದನ್ನು ನಿವಾರಿಸಿದನು.

ಈ ವಿಮಲಾದಿತ್ಯನು ಯಶೋವರ್ಮನ ಮಗ, ಬಲವರ್ಮನ ಮೊಮ್ಮಗ ಎಂದು ಶಾಸನವು ತಂದೆಯ ಕಡೆಯ ತಲೆಮಾರುಗಳನ್ನು ಹೇಳುತ್ತದೆ. ಅವನು ಚಾಕಿರಾಜನ ಸೋದರಳಿಯ. ಹಾಗಾದರೆ ಅವನನ್ನು ಹೆತ್ತ ತಾಯಿ ಯಾರು? ಚಾಕಿರಾಜನ ಸೋದರಿಯೆಂದಷ್ಟೇ ನಾವು ಆಕೆಯನ್ನು ಗುರುತಿಸಿಕೊಳ್ಳಬೇಕು. ದಾನವಾಗಿ ಹೋದ ಜಾಲಮಂಗಲದ ಹೊಲಗಳನ್ನು ಉಳುತ್ತಿದ್ದವರಿಗೂ ತಂದೆತಾಯಿಗಳಿದ್ದರು, ಮಕ್ಕಳು ಹುಟ್ಟುತ್ತಿದ್ದುವು, ಹೆಸರಿಡುತ್ತಿದ್ದರು. ಅವರ ಹೆಸರುಗಳನ್ನು ಕೊರೆಯಲು ಯಾರಿಗೂ ತಾಮ್ರ ದೊರೆಯಲಿಲ್ಲ. ಸುಮಾರು ಸಾವಿರದ ಇನ್ನೂರು ವರ್ಷಗಳಿಂದ ನಮ್ಮ ವಂಶವೃಕ್ಷಗಳಲ್ಲಿ ಈ ಎರಡು ಕೊರತೆಗಳು ನಡೆದುಬಂದಿವೆ: ಹೆಂಗಸರ ಹೆಸರು ಬಾರದಿರುವುದು, ಬಡವರ ಹೆಸರು ಬಾರದಿರುವುದು.

ಈ ಕೊರತೆಗಳು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯಾಗಿದ್ದುವೇ ಎಂದು ವಿಚಾರಿಸಿದರೆ, ಯೂರೋಪಿನ ಉತ್ತರದಲ್ಲಿರುವ ಸ್ವೀಡನ್ ದೇಶದ ಪದ್ಧತಿಯು ನಮ್ಮ ಕಣ್ಣಿಗೆ ಬೀಳುತ್ತದೆ. ಚಳಿಯೂ ಕಾಡೂ ಹೆಚ್ಚಾಗಿ, ಹಿಂದಿನ ಕಾಲದಲ್ಲಿ ಬಡತನವೂ ಹೆಚ್ಚಾಗಿದ್ದ ಆ ದೇಶದಲ್ಲಿ 1686ರಲ್ಲಿ ಒಂದು ಚರ್ಚ್ ಕಾನೂನು ಜಾರಿಗೆ ಬಂದಿತು. ಅದರಂತೆ ಪ್ರತಿಯೊಂದು ಊರಿನ ಪಾದ್ರಿಯೂ ತನ್ನ ಹೋಬಳಿಯಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಮಣ್ಣುಮಾಡಿದುದು ಇವೆಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕಾಯಿತು. ದೀಕ್ಷಾಸ್ನಾನವೆಂದರೆ ಕ್ರೈಸ್ತರು ಮಗುವಿಗೆ ನೀರೆರೆದು ಹೆಸರಿಟ್ಟು ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ. ನಮ್ಮ ನಾಮಕರಣಕ್ಕೆ ಹತ್ತಿರವಾದುದೆನ್ನಬಹುದು. ನಮ್ಮಲ್ಲಿ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ಹೆಸರಿಡುವ ರೂಢಿಯಿರುವಂತೆ, ಅಲ್ಲಿ ಎಂಟು ದಿನಗಳೊಳಗಾಗಿ ಈ ಸಂಸ್ಕಾರವು ನಡೆಯಬೇಕೆಂದು ಕಟ್ಟಳೆಯಿದ್ದಿತು. ಕೂಸು ಉಳಿಯುವುದೋ ಇಲ್ಲವೋ ಎಂಬ ಭಯವಿದ್ದಲ್ಲಿ ಪಾದ್ರಿಗಾಗಿ ಕಾಯದೆ, ಮನೆಯಲ್ಲಿದ್ದ ಸೂಲಗಿತ್ತಿಯೇ ನೀರೆರೆದುಬಿಡುತ್ತಿದ್ದಳು. ಆ ಸಂಗತಿಯೂ ಪುಸ್ತಕಕ್ಕೆ ಸೇರುತ್ತಿದ್ದಿತು.

ಒಂದು ಹುಟ್ಟಿಗೆ ಸಂಬಂಧಪಟ್ಟಂತೆ ಆ ಪುಸ್ತಕದಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ, ತಂದೆಯ ಹೆಸರು, ವಾಸಿಸುವ ಹಳ್ಳಿ ಇವು ಬರುತ್ತಿದ್ದುವು. ಕಾಲಕ್ರಮದಲ್ಲಿ ತಾಯಿಯ ಹೆಸರೂ, ಎಷ್ಟೋ ಕಡೆ ಆಕೆಯ ವಯಸ್ಸೂ ತಪ್ಪದೆ ಬರತೊಡಗಿದುವು. ಜೊತೆಗೆ ಸಾಕ್ಷಿಗಳಾಗಿ ನಿಂತ ಬಂಧುಗಳ ಹಾಗೂ ನೆರೆಯವರ ಹೆಸರುಗಳು. ಈ ಸಾಕ್ಷಿಗಳ ಪಟ್ಟಿಯು ಸಾಮಾನ್ಯವಾದುದಲ್ಲ. ಮಗುವನ್ನು ಎತ್ತಿಕೊಂಡ ಹೆಂಗಸು ತಾಯಿಯ ತಂಗಿಯಿರಬಹುದು. ಪಕ್ಕದಲ್ಲಿ ನಿಂತವನು ತಂದೆಯ ಅಣ್ಣನಿರಬಹುದು. ಹೀಗೆ ಒಂದೇ ಪಂಕ್ತಿಯಲ್ಲಿ ಒಂದು ಬಳಗವೆಲ್ಲವೂ ನಿಂತಿರುತ್ತದೆ. ರೈತನ ಮಗುವಿಗೂ, ಕೂಲಿಯಾಳಿನ ಮಗುವಿಗೂ, ಹುಟ್ಟಿದ ಮೂರನೆಯ ದಿನವೇ ಕಣ್ಣುಮುಚ್ಚಿದ ಮಗುವಿಗೂ ಆ ಪುಸ್ತಕದಲ್ಲಿ ಒಂದೊಂದು ಪಂಕ್ತಿಯುಂಟು. ಇದಲ್ಲದೆ ಪಾದ್ರಿಯು ಮನೆಮನೆಯ ಜನರನ್ನು ಕೂಡಿಸಿ, ಓದಲು ಬಲ್ಲರೇ, ಧರ್ಮಪಾಠವು ಬಾಯಿಗೆ ಬರುವುದೇ ಎಂದು ಪರೀಕ್ಷಿಸುತ್ತಿದ್ದನು. ಆ ಪರೀಕ್ಷೆಯ ಪುಸ್ತಕದಲ್ಲಿ ಆಯಾ ಮನೆಯಲ್ಲಿದ್ದವರೆಲ್ಲರ ಹೆಸರುಗಳೂ, ಎಲ್ಲಿಂದ ಬಂದರು, ಎಲ್ಲಿಗೆ ಹೋದರು ಎಂಬುದೂ ದಾಖಲಾಗುತ್ತಿದ್ದಿತು.

ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ 1930ರವರೆಗೆ ಸುಮಾರು 13 ಲಕ್ಷ ಸ್ವೀಡನ್ನಿಗರು ದೇಶವನ್ನು ಬಿಟ್ಟು ಅಮೆರಿಕಕ್ಕೆ ಹೋದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಮೂಲಪುರುಷನನ್ನು ಹುಡುಕಿಕೊಂಡು ಹೊರಟಾಗ, ಆತನು ಇಂತಹ ಹಳ್ಳಿಯಲ್ಲಿ ಇಂತಹ ದಿನ ಹುಟ್ಟಿ, ಇಂತಹ ದಿನ ದೀಕ್ಷಾಸ್ನಾನವನ್ನು ಪಡೆದನೆಂಬ ಪಂಕ್ತಿಯು ಎಷ್ಟೋ ಸಲ ಅವರಿಗೆ ಸಿಕ್ಕುತ್ತದೆ. ಈಗ ಆ ಪುಸ್ತಕಗಳ ಚಿತ್ರಗಳನ್ನು ಸ್ವೀಡನ್ನಿನ ರಾಷ್ಟ್ರೀಯ ದಫ್ತರಖಾನೆಯವರು ಯಾರು ಬೇಕಾದರೂ ಮನೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ನೋಡುವಂತೆ ತೆರೆದಿಟ್ಟಿರುವರು. ಹೆಸರಿನ ಪದ್ಧತಿಯೂ ಅವರಿಗೆ ನೆರವಾಗುತ್ತದೆ. ಹಿಂದೆ ಅಲ್ಲಿನ ಸಾಮಾನ್ಯ ಜನರಿಗೆ ಮನೆತನದ ಹೆಸರಿರಲಿಲ್ಲ. ಆಂಡರ್ಸನ ಮಗನು ಆಂಡರ್ಸನ್, ಮಗಳು ಆಂಡರ್ಸ್‌ಡಾಟರ್. ತಂದೆಯ ಹೆಸರಿನ ಮೊದಲಕ್ಷರವನ್ನು ತಮ್ಮ ಹೆಸರಿಗೆ ಸೇರಿಸಿಕೊಳ್ಳುವ ನಮಗೆ ಇದು ಅಪರಿಚಿತವೆನಿಸಲಾರದು. ವಿಶೇಷವೇನೆಂದರೆ, ಆಗಿನ ಕಾಲದಲ್ಲಿ ಆ ಹಳ್ಳಿಯ ಹೆಂಗಸು ಮದುವೆಯಾದ ಮೇಲೆಯೂ ತನ್ನ ತಂದೆಯ ಮಗಳಾಗಿಯೇ ಪುಸ್ತಕದಲ್ಲಿ ಉಳಿಯುತ್ತಿದ್ದಳು. ನಮ್ಮಲ್ಲಿ ಕೆಲವು ಮನೆತನಗಳಲ್ಲಿ ಮದುವೆಯ ದಿನವೇ ಹೆಣ್ಣಿಗೆ ಹೊಸ ಹೆಸರನ್ನಿಟ್ಟು, ತೊಟ್ಟಿಲಿನಲ್ಲಿಟ್ಟ ಹೆಸರನ್ನು ಮರೆಸಿಬಿಡುವ ರೂಢಿಯಿದ್ದುದನ್ನು ವಾಚಕರು ಬಲ್ಲರು.

ಆ ಪುಸ್ತಕಗಳನ್ನು ಇಟ್ಟವರು ವಂಶಪ್ರೇಮದಿಂದಲೇ ಇಟ್ಟರೆಂದು ಭಾವಿಸಬೇಕಾಗಿಲ್ಲ. ಚರ್ಚಿಗೆ ತನ್ನ ಜನರ ಮೇಲೆ ಹಿಡಿತ ಬೇಕಾಗಿದ್ದಿತು. ದೊರೆತನಕ್ಕೆ ತೆರಿಗೆ ಕೊಡುವವರ, ಸೈನ್ಯಕ್ಕೆ ಸೇರುವವರ ಲೆಕ್ಕ ಬೇಕಾಗಿದ್ದಿತು. ಪುಸ್ತಕವು ಕ್ರೂರವಾಗಿಯೂ ಇರಬಲ್ಲದಾಗಿತ್ತು. ಮದುವೆಯಿಲ್ಲದೆ ಹುಟ್ಟಿದ ಮಗುವಿನ ಹೆಸರಿನ ಬಳಿ ಆ ಮಾತನ್ನು ಬರೆದುಬಿಡುತ್ತಿದ್ದರು. ಅವಮಾನಕ್ಕೆ ಹೆದರಿ ತಾಯಂದಿರು ಕೂಸುಗಳನ್ನು ಕೊಲ್ಲುವುದನ್ನು ಕಂಡು, 1778ರಲ್ಲಿ ಮೂರನೆಯ ಗುಸ್ತಾವ್ ದೊರೆಯು, ಹೆರುವ ತಾಯಿಯು ಬಯಸಿದರೆ ಅವಳ ಹೆಸರನ್ನು ಕೇಳಕೂಡದೆಂದು ಆಜ್ಞೆ ಮಾಡಬೇಕಾಯಿತು. ಬರೆಯುವುದರಲ್ಲಿ ಹೇಗೆ ಧರ್ಮವುಂಟೋ, ಕೆಲವೆಡೆ ಬರೆಯದೆ ಬಿಡುವುದರಲ್ಲಿಯೂ ಹಾಗೆಯೇ ಧರ್ಮವುಂಟೆಂಬುದನ್ನು ಈ ಸಂಗತಿಯಿಂದ ನಾವು ಕಲಿಯಬಹುದು.

ಪುಸ್ತಕವಿದ್ದ ಮಾತ್ರಕ್ಕೆ ದಿನವು ನಿಶ್ಚಯವಾಯಿತೆಂದೂ ಹೇಳಲಾಗುವುದಿಲ್ಲ. ಗಿಡಮರಗಳಿಗೆ ಎರಡೆರಡು ಪದಗಳ ಶಾಸ್ತ್ರೀಯ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಲಿನೇಯಸ್ ಮಹಾಶಯನು 1707ರ ಮೇ ತಿಂಗಳಲ್ಲಿ ಸ್ವೀಡನ್ನಿನ ರೋಸ್‌ಹುಲ್ಟ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಅವನ ತಂದೆಯು ತಮ್ಮ ಕಡೆಯ ಒಂದು ದೊಡ್ಡ ಲಿಂಡನ್ ಮರದ ಹೆಸರಿನಿಂದ ತನ್ನ ಮನೆತನಕ್ಕೆ ಹೆಸರು ಮಾಡಿಕೊಂಡವನು. ಕದಂಬವನ್ನು ನೆನಪಿಸುವ ಊರಿನವರಿಗೆ ಇದು ಮೆಚ್ಚುಗೆಯಾದೀತು. ಈ ಲಿನೇಯಸ್ ಹುಟ್ಟಿದ್ದು ಮೇ 23ರಂದು ಎಂದು ಈಗಿನ ಪಂಚಾಂಗ. ಮೇ 12 ಎಂದು ಹಳೆಯ ಜೂಲಿಯನ್ ಪಂಚಾಂಗ. ಆಗ ಸ್ವೀಡನ್ನಿನಲ್ಲಿ ಮಾತ್ರವೇ ನಡೆಯುತ್ತಿದ್ದ ಪಂಚಾಂಗದಂತೆ ಮೇ 13. ಮೂರೂ ಒಂದೇ ದಿನ! ಆ ದೇಶದವರು 1712ರಲ್ಲಿ ಲೆಕ್ಕವನ್ನು ಸರಿಮಾಡಹೊರಟು ಫೆಬ್ರವರಿಗೆ 30 ದಿನಗಳನ್ನು ಕೊಟ್ಟರು. ಅಂದು ಹುಟ್ಟಿದ ಕೂಸಿಗೆ ಮತ್ತೆ ಆ ತಾರೀಖು ಬರಲೇ ಇಲ್ಲ. 1753ರಲ್ಲಿ ಈಗಿನ ಪಂಚಾಂಗಕ್ಕೆ ಬಂದಾಗ ಫೆಬ್ರವರಿ 17ರ ಮರುದಿನವೇ ಮಾರ್ಚಿ 1 ಆಯಿತು. ಆದುದರಿಂದ ಹಳೆಯ ತಾರೀಖನ್ನು ಓದುವವನು ಅದು ಯಾವ ಪಂಚಾಂಗದ್ದೆಂದು ಮೊದಲು ತಿಳಿಯಬೇಕು.

ಈ ಎಚ್ಚರಿಕೆಯು ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ನಮ್ಮಲ್ಲಿ ಹುಟ್ಟಿಗೆ ಸಾಕ್ಷಿಯಾಗಿರುವ ಮೊದಲನೆಯ ಬರಹ ಜಾತಕ. ಹಳೆಯ ಜಾತಕಗಳಲ್ಲಿ ಸಂವತ್ಸರ, ಮಾಸ, ತಿಥಿ, ವಾರ, ನಕ್ಷತ್ರಗಳು ಇರುತ್ತವೆ. ಶಕವರ್ಷವು ಒಮ್ಮೊಮ್ಮೆ ಬಿಟ್ಟುಹೋಗಿರುತ್ತದೆ. ಸಂವತ್ಸರಗಳು ಅರವತ್ತು ವರ್ಷಗಳಿಗೊಮ್ಮೆ ಮರಳಿ ಬರತಕ್ಕವು. ‘ಈಶ್ವರ ಸಂವತ್ಸರ’ ಎಂದಿಷ್ಟೇ ಇದ್ದರೆ ಅದು 1817-18 ಆಗಬಹುದು, 1877-78 ಆಗಬಹುದು, 1937-38 ಆಗಬಹುದು. ತಾತನೂ ಮೊಮ್ಮಗನೂ ಒಂದೇ ಹೆಸರಿನವರಾಗಿರುವುದು ನಮ್ಮಲ್ಲಿ ಸಾಮಾನ್ಯವಾದುದರಿಂದ, ಒಬ್ಬರ ಜಾತಕವನ್ನು ಇನ್ನೊಬ್ಬರದೆಂದು ತಿಳಿಯುವ ಸಂಭವವುಂಟು. ಆಗ ವಾರವನ್ನೂ ತಿಥಿಯನ್ನೂ ನಕ್ಷತ್ರವನ್ನೂ ಹೊಂದಿಸಿ ನೋಡಬೇಕು. ಅರವತ್ತು ವರ್ಷಗಳ ಅಂತರದಲ್ಲಿ ಅದೇ ತಿಥಿಗೆ ಅದೇ ವಾರ ಬರುವುದು ಅಪರೂಪವಾದುದರಿಂದ ಪಂಚಾಂಗ ಬಲ್ಲವರು ವರ್ಷವನ್ನು ನಿರ್ಣಯಿಸಬಲ್ಲರು. ಆದರೆ ಜಾತಕವನ್ನು ಬರೆಸುತ್ತಿದ್ದ ಮನೆಗಳೆಷ್ಟು? ಬರೆಸಿದ ಮನೆಗಳಲ್ಲಿಯೂ ಹೆಣ್ಣುಮಕ್ಕಳ ಜಾತಕವು ಮದುವೆಯ ಮಾತುಕತೆ ಮುಗಿದ ಮೇಲೆ ಎಷ್ಟು ಕಡೆ ಉಳಿಯಿತು?

ಎರಡನೆಯದಾಗಿ ಹೆಳವರ ಪುಸ್ತಕಗಳು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ, ಸುಗ್ಗಿಯ ತರುವಾಯ ಊರಿಗೆ ಬಂದು ಮನೆತನದ ವಂಶಾವಳಿಯನ್ನು ಓದಿಹೇಳುವ ಹೆಳವರನ್ನು ಕರ್ಣಾಟಕದ ರೈತ ಕುಟುಂಬಗಳು ಬಲ್ಲುವು. ಬಡಗಣ ಜಿಲ್ಲೆಗಳಲ್ಲಿ ಅವರ ಸಂಚಾರ ಹೆಚ್ಚು. ತಮ್ಮ ಮೂಲಪುರುಷನು ಹೆಳವನಾಗಿದ್ದುದರಿಂದ ಬಸವಣ್ಣನವರು ಅವನಿಗೆ ಎತ್ತನ್ನು ಕೊಟ್ಟರೆಂದು ಅವರ ಐತಿಹ್ಯ. ಅವರು ಒಕ್ಕಲುಮನೆಗಳ ಹೆಸರುಗಳನ್ನು ತಲೆಮಾರುಗಳಿಂದ ಬರೆದುಕೊಂಡು ಬಂದು, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡ್ಡಿಯನ್ನೋ ಹಣವನ್ನೋ ಪಡೆದು ಮುಂದಿನ ಊರಿಗೆ ಹೋಗುವರು. ತಾಮ್ರಶಾಸನವು ಮರೆತ ಉಳುವವನನ್ನು ನೆನೆದವರು ಇವರೇ. ಮನೆತನವು ಯಾವ ಊರಿನಿಂದ ಹೊರಟು ಯಾವ ಊರಿಗೆ ಬಂದಿತೆಂಬುದನ್ನು ತಿಳಿಯಲು ಇವರಿಗಿಂತ ಉತ್ತಮರಾದ ಸಾಕ್ಷಿಗಳು ವಿರಳ. ಆದರೆ ಇಲ್ಲಿಯೂ ಮುಖ್ಯವಾಗಿ ಬೆಳೆಯುವುದು ಗಂಡುಮಕ್ಕಳ ಸಾಲು. ಕಾಶಿ, ಗಯೆ, ಹರಿದ್ವಾರಗಳ ಪಂಡರ ಬಹಿಪುಸ್ತಕಗಳೂ ಇದೇ ಬಗೆಯವು. ಯಾತ್ರೆಗೆ ಹೋದ ಹಿರಿಯರು ತಮ್ಮ ಊರು, ತಂದೆ, ತಾತ, ಮಕ್ಕಳ ಹೆಸರುಗಳನ್ನು ಅಲ್ಲಿ ಬರೆಸಿ ರುಜು ಹಾಕಿ ಬರುತ್ತಿದ್ದರು. ಯಾತ್ರೆ ಮಾಡುವಷ್ಟು ಅನುಕೂಲವಿದ್ದವರ ಮನೆತನಕ್ಕೆ ಇದು ದೊಡ್ಡ ನಿಧಿ.

ಮೂರನೆಯದು ನಮ್ಮ ಸೀಮೆಯಲ್ಲಿಯೇ ಇದ್ದು, ಸ್ವೀಡನ್ನಿನ ಪುಸ್ತಕಗಳಿಗೆ ಅತ್ಯಂತ ಸಮೀಪವಾದುದು. ಕಡಬಕ್ಕೆ ತಾಲ್ಲೂಕು ಕೇಂದ್ರವಾದ ಗುಬ್ಬಿಯಲ್ಲಿ 1830ರ ದಶಕದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು ಠಾಣೆ ಹಾಕಿದರು. ಥಾಮಸ್ ಹಾಡ್ಸನ್, ವಿಲಿಯಂ ಆರ್ಥರ್ ಮೊದಲಾದ ಪಾದ್ರಿಗಳು ಇಲ್ಲಿದ್ದು ಕನ್ನಡದಲ್ಲಿ ಬೋಧಿಸಿದರು. ಆರ್ಥರರು 1847ರಲ್ಲಿ ಮೈಸೂರು ಸೀಮೆಯ ತಮ್ಮ ಅನುಭವಗಳನ್ನು ಪುಸ್ತಕವಾಗಿ ಅಚ್ಚುಹಾಕಿಸಿದರು. ಹಾಡ್ಸನ್ನರು 1877ರಲ್ಲಿ ‘ಓಲ್ಡ್ ಡೇನಿಯಲ್’ ಎಂಬ ಪುಸ್ತಕದಲ್ಲಿ ಗುಬ್ಬಿಯ ಕಡೆಯ ಹಳ್ಳಿಗನೊಬ್ಬನ ಕಥೆಯನ್ನು ಬರೆದರು. ದೀಕ್ಷಾಸ್ನಾನದಲ್ಲಿ ಡೇನಿಯಲ್ ಎಂಬ ಹೆಸರನ್ನು ಪಡೆದ ಆ ರೈತಾಪಿ ಮನುಷ್ಯನಿಗೆ, ಅವನ ಕಾಲದ ನೆರೆಹೊರೆಯವರಿಗೆ ದೊರೆಯದ ಭಾಗ್ಯವೊಂದು ದೊರೆಯಿತು: ಅವನ ಬಾಳು ಅಚ್ಚಿನಲ್ಲಿ ಉಳಿಯಿತು. ಕ್ರೈಸ್ತ ಕುಟುಂಬಗಳವರು ತಮ್ಮ ಮೂಲಪುರುಷನನ್ನು ಹುಡುಕುವಾಗ ಒಂದು ವಿಷಯವನ್ನು ಗಮನಿಸಬೇಕು. ದೊಡ್ಡವನಾದ ಮೇಲೆ ದೀಕ್ಷಾಸ್ನಾನವನ್ನು ಪಡೆದವನಿಗೆ ಎರಡು ಹುಟ್ಟುಗಳು, ಎರಡು ಹೆಸರುಗಳು. ಎರಡನೆಯದರ ದಿನ ಪುಸ್ತಕದಲ್ಲಿ ಸಿಕ್ಕುತ್ತದೆ. ಮೊದಲನೆಯ ಹೆಸರೂ ತೊಟ್ಟಿಲಿನ ದಿನವೂ ಹಳೆಯ ಬಂಧುಗಳ ಬಾಯಲ್ಲಿಯೇ ಸಿಕ್ಕಬೇಕು. ವೆಸ್ಲಿಯನ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋದುವು. ಆದಕಾರಣ ಹಳೆಯ ದೀಕ್ಷಾಸ್ನಾನದ ಪುಸ್ತಕಗಳಿಗಾಗಿ ಮೊದಲು ಆಯಾ ಸಭೆಯ ಪಾದ್ರಿಗಳನ್ನೂ, ಬಳಿಕ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಫ್ತರಖಾನೆಯನ್ನೂ ವಿಚಾರಿಸುವುದು ಲೇಸು. ಮಿಷನ್ನಿನ ಹಳೆಯ ಪತ್ರವ್ಯವಹಾರಗಳು ಲಂಡನ್ ವಿಶ್ವವಿದ್ಯಾನಿಲಯದ ಪೌರ್ವಾತ್ಯ ಶಾಲೆಯ ಭಂಡಾರದಲ್ಲಿವೆ.

ನಾಲ್ಕನೆಯದು ಸರ್ಕಾರದ ಲೆಕ್ಕ. ಹುಟ್ಟುಸಾವುಗಳನ್ನು ಕಡ್ಡಾಯವಾಗಿ ನೋಂದಾಯಿಸಬೇಕೆಂದು ದೇಶಕ್ಕೆಲ್ಲ ಒಂದೇ ಬಗೆಯ ಕಾನೂನಾದುದು 1969ರಲ್ಲಿ. ಅದಕ್ಕೆ ಹಿಂದಿನ ಗ್ರಾಮಲೆಕ್ಕಗಳು ಎಲ್ಲ ಕಡೆಯೂ ಒಂದೇ ಸಮನಾಗಿ ಉಳಿದಿಲ್ಲ. ಶಾಲೆಯ ದಾಖಲೆಯಲ್ಲಿರುವ ಹುಟ್ಟಿದ ತಾರೀಖನ್ನಂತೂ ಎಚ್ಚರಿಕೆಯಿಂದಲೇ ನಂಬಬೇಕು. ಮಗುವಿನ ಕೈ ತಲೆಯ ಮೇಲಿನಿಂದ ಬಂದು ಎದುರು ಕಿವಿಗೆ ಮುಟ್ಟುವುದೇ ಎಂದು ನೋಡಿ, ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳಲು ಅನುಕೂಲವಾದ ಒಂದು ತಾರೀಖನ್ನು ಬರೆದುಕೊಂಡ ಕಾಲವೊಂದಿತ್ತು.

ಹೀಗೆ ಬರಹವಿಲ್ಲದ ಮನೆಗಳು ನಿರಾಶರಾಗಬೇಕೆ? ಬೇಕಾಗಿಲ್ಲ. ನಮ್ಮ ಹೆಂಗಸರು ಕಾಲವನ್ನು ಅಂಕಿಗಳಿಂದ ಅಳೆಯಲಿಲ್ಲ, ಸಂಗತಿಗಳಿಂದ ಅಳೆದರು. ಮುದುಕಿಯೊಬ್ಬಳು “ನಮ್ಮತ್ತೆ ಧಾತು ಈಶ್ವರ ಬರದಲ್ಲಿ ಕಂಕುಳಕೂಸು” ಎಂದು ತನ್ನ ಮೊಮ್ಮಗನಿಗೆ ಹೇಳಿದ್ದಳೆನ್ನಿ. ಧಾತು ಸಂವತ್ಸರವು 1876-77, ಈಶ್ವರವು 1877-78. ಕಂಕುಳಕೂಸೆಂದರೆ ಒಂದೆರಡು ವರ್ಷ. ಹಾಗಾದರೆ ಆ ಅತ್ತೆಯು ಹುಟ್ಟಿದುದು 1875ರಿಂದ 1877ರೊಳಗೆ. ಇಷ್ಟೇ ಅಲ್ಲ, 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ಬರ ಕಳೆದು 1881ರ ಗಣತಿಯ ವೇಳೆಗೆ 41 ಲಕ್ಷ 86 ಸಾವಿರಕ್ಕೆ ಇಳಿದಿದ್ದಿತು. ಅಂತಹ ಕಾಲದಲ್ಲಿ ಒಂದು ಹೆಣ್ಣುಕೂಸನ್ನು ಕಂಕುಳಲ್ಲಿಟ್ಟುಕೊಂಡು ಉಳಿಸಿದ ತಾಯಿ ಯಾರೆಂಬ ಪ್ರಶ್ನೆಯು ತಾನಾಗಿಯೇ ಏಳುತ್ತದೆ. ವರ್ಷವನ್ನು ಹುಡುಕಹೊರಟವರಿಗೆ ಆಕೆಯು ಎದುರಾಗುತ್ತಾಳೆ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದುದು, 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದುದು, 1918ರ ಇನ್‌ಫ್ಲುಯೆಂಜಾ ಜ್ವರ, ಊರ ಕೆರೆ ಕೋಡಿಬಿದ್ದ ವರ್ಷ, ಇವೆಲ್ಲವೂ ಇಂತಹ ಗುರುತಿನ ಕಲ್ಲುಗಳು.

ಹೆಸರುಗಳೂ ಸಾಕ್ಷಿ ಹೇಳುತ್ತವೆ. ಸಿದ್ಧಗಂಗೆ, ಎಡೆಯೂರು ಸಿದ್ಧಲಿಂಗೇಶ್ವರ, ಗುಬ್ಬಿಯ ಚನ್ನಬಸವೇಶ್ವರ ಇವರ ಹೆಸರುಗಳು ಈ ಸೀಮೆಯ ಮನೆಮನೆಗಳಲ್ಲಿವೆ. ಅವುಗಳ ಹಿಂದೆ ಎಷ್ಟೋ ಕಡೆ ಒಂದು ಹರಕೆಯಿರುತ್ತದೆ. ಹುಟ್ಟಿದ ಮಕ್ಕಳು ಉಳಿಯದೆ ಹೋದಾಗ, ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯನೆಂದೋ ತಿಪ್ಪಮ್ಮನೆಂದೋ ಕರೆಯುತ್ತಿದ್ದರು. ತಿಪ್ಪೆಯ ವಸ್ತುವನ್ನು ಮೃತ್ಯುವು ಮುಟ್ಟದೆಂಬ ನಂಬಿಕೆ. ಹೆಣ್ಣುಗಳ ಮೇಲೆ ಹೆಣ್ಣುಗಳು ಹುಟ್ಟಿದಾಗ ಸಾಕಮ್ಮನೆಂದು ಹೆಸರಿಟ್ಟ ಮನೆಗಳುಂಟು. ತಾತನ ಹೆಸರು ತಿಪ್ಪಯ್ಯನಾಗಿದ್ದರೆ, ಅವನಿಗಿಂತ ಮುಂಚೆ ಹುಟ್ಟಿ ಕಣ್ಮರೆಯಾದ ಅಣ್ಣಂದಿರೂ ಅಕ್ಕಂದಿರೂ ಇದ್ದರೋ ಏನೋ ಎಂದು ವಿಚಾರಿಸುವುದು ಯುಕ್ತ. ಸ್ವೀಡನ್ನಿನ ಪಾದ್ರಿಯು ಅಂತಹ ಕೂಸುಗಳಿಗೆ ಒಂದೊಂದು ಪಂಕ್ತಿ ಕೊಟ್ಟನು. ನಮ್ಮಲ್ಲಿ ಅವುಗಳ ಗುರುತೆಲ್ಲ ಬದುಕುಳಿದ ತಮ್ಮನ ಹೆಸರಿನೊಳಗೆ ಅಡಗಿ ಕುಳಿತಿರಬಹುದು.

ಇನ್ನು ಗೃಹಸ್ಥರು ಮಾಡತಕ್ಕುದೇನು? ಮೊದಲು ಮನೆಯಲ್ಲಿರುವ ಅತ್ಯಂತ ಹಿರಿಯ ಹೆಂಗಸಿನ ಬಳಿ ಕುಳಿತುಕೊಳ್ಳಬೇಕು. “ಯಾವ ಇಸವಿಯಲ್ಲಿ ಹುಟ್ಟಿದಿರಿ, ಅಜ್ಜಿ?” ಎಂದು ಕೇಳಿದರೆ “ನನಗೇನು ಗೊತ್ತಪ್ಪ” ಎಂದು ಬಿಡುವರು. “ನೀವು ಹುಟ್ಟಿದಾಗ ಸೂಲಗಿತ್ತಿಯಾಗಿ ಬಂದವರು ಯಾರು? ಆಗ ಹೊಲದಲ್ಲಿ ಏನು ಪೈರಿತ್ತು? ನಿಮ್ಮಕ್ಕನಿಗೆ ಆಗ ಮದುವೆಯಾಗಿತ್ತೆ? ನಿಮಗೆ ಈ ಹೆಸರು ಯಾರದು?” ಎಂದು ಕೇಳಿದರೆ ಅರ್ಧದಿನ ಹೇಳುವರು. ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳತಕ್ಕದ್ದು. ನಮ್ಮ ಲೆಕ್ಕಾಚಾರವನ್ನು ಬೇರೆಯಾಗಿ ಕೆಳಗೆ ಬರೆಯತಕ್ಕದ್ದು. ಎರಡನ್ನೂ ಬೆರಸಿದರೆ ಮುಂದಿನವರಿಗೆ ಯಾವುದು ಸಾಕ್ಷಿ, ಯಾವುದು ಊಹೆ ಎಂದು ತಿಳಿಯದೆ ಹೋಗುವುದು.

ಬರೆಯುವಾಗ ತಾಯಿಯ ಹೆಸರಿಲ್ಲದೆ ಮಗುವಿನ ಹೆಸರನ್ನು ಬರೆಯುವುದಿಲ್ಲವೆಂದು ಸಂಕಲ್ಪ ಮಾಡಬೇಕು. ತಾಯಿಯ ತವರೂರು, ಅವಳ ತಂದೆತಾಯಿ, ತೊಟ್ಟಿಲಿನ ಹೆಸರು, ಮದುವೆಯ ತರುವಾಯ ಇಟ್ಟ ಹೆಸರು ಇವೆಲ್ಲವೂ ಬರಲಿ. ಉಳಿಯದ ಕೂಸುಗಳನ್ನು ಬಿಡಕೂಡದು. ದತ್ತು ಹೋದವರನ್ನೂ ದತ್ತು ಬಂದವರನ್ನೂ, ಆ ಮನೆಯ ಹಿರಿಯರು ಒಪ್ಪುವ ರೀತಿಯಲ್ಲಿ, ಎರಡು ಮನೆಗಳ ಪಟ್ಟಿಯಲ್ಲಿಯೂ ಸೇರಿಸಬಹುದು. ಬದುಕಿರುವವರಿಗೆ ನೋವಾಗುವ ವಿಷಯವನ್ನು ಬಯಲಿಗೆ ಹಾಕುವುದು ಚರಿತ್ರೆಯ ಕೆಲಸವಲ್ಲ. ಹಾಗೆಯೇ ವಂಶಕ್ಕೆ ಇಲ್ಲದ ಹಿರಿಮೆಯನ್ನು ತರುವುದೂ ಸಲ್ಲದು. ಬೇಸಾಯಗಾರನ ಮನೆತನವನ್ನು ಪಾಳೆಯಗಾರನ ಮನೆತನಕ್ಕೆ ಗಂಟುಹಾಕಿ ಬರೆದರೆ, ಬೆವರು ಸುರಿಸಿ ನಮ್ಮನ್ನು ಸಾಕಿದ ನಿಜವಾದ ಹಿರಿಯನನ್ನು ನಾವೇ ಮನೆಯಿಂದ ಹೊರಗೆ ಹಾಕಿದಂತಾಗುವುದು.

ಜಾತಕದ ಓಲೆಗಳೂ ಹಳೆಯ ಕಾಗದಗಳೂ ಮನೆಯಲ್ಲಿದ್ದರೆ ಅವನ್ನು ಪ್ಲಾಸ್ಟಿಕ್ಕಿನೊಳಗೆ ಅಂಟಿಸಿ ಮುಚ್ಚಿಸುವುದು ಬೇಡ. ತೇವವೂ ಬಿಸಿಲೂ ತಾಗದ ಕಡೆ ಒಣಗಿದ ಬಟ್ಟೆಯಲ್ಲಿ ಸುತ್ತಿಟ್ಟು, ಒಂದೊಂದರ ಛಾಯಾಚಿತ್ರವನ್ನು ತೆಗೆಸಿ, ಪ್ರತಿಗಳನ್ನು ಬೇರೆಬೇರೆ ಊರುಗಳಲ್ಲಿರುವ ಇಬ್ಬರು ಮೂವರು ಬಂಧುಗಳಿಗೆ ಕೊಟ್ಟಿರುವುದು ಕ್ಷೇಮ. ಒಂದೇ ಮನೆಯಲ್ಲಿರುವ ಪುಸ್ತಕಕ್ಕೆ ಒಂದು ಗೆದ್ದಲಿನ ಹುತ್ತ ಸಾಕು.

ಕೊನೆಯದಾಗಿ, ಹಳೆಯದನ್ನು ಹುಡುಕುವುದಕ್ಕಿಂತ ಸುಲಭವಾದ ಕೆಲಸವೊಂದುಂಟು. ಅದನ್ನು ಇಂದೇ ಮಾಡಬಹುದು. ಈ ವರ್ಷ ಮನೆಯಲ್ಲಿ ಹುಟ್ಟಿದ ಮಗುವಿಗೆ ಸರ್ಕಾರದ ಜನನಪತ್ರವು ದೊರೆಯುವುದು. ಅದರಲ್ಲಿ ತಾರೀಖೂ ತಂದೆತಾಯಿಗಳ ಹೆಸರೂ ಇರುವುವು. ಆದರೆ ಅಂದು ಮಗುವನ್ನು ಮೊದಲು ಎತ್ತಿಕೊಂಡವರು ಯಾರು, ತೊಟ್ಟಿಲನ್ನು ಯಾರ ಮನೆಯಿಂದ ತಂದರು, ಹೆಸರನ್ನು ಕಿವಿಯಲ್ಲಿ ಮೂರು ಸಲ ಹೇಳಿದ ಸೋದರತ್ತೆ ಯಾರು, ಆ ಹೆಸರು ಯಾವ ಹಿರಿಯರದು ಎಂಬುದಕ್ಕೆ ಆ ಪತ್ರದಲ್ಲಿ ಸ್ಥಳವಿಲ್ಲ. ಸ್ವೀಡನ್ನಿನ ಪಾದ್ರಿಯು ಸಾಕ್ಷಿಗಳ ಹೆಸರನ್ನು ಬರೆದಂತೆ, ನಾಮಕರಣದ ಸಂಜೆ ಮನೆಯವರು ಒಂದು ಗಟ್ಟಿಯಾದ ರಟ್ಟಿನ ಪುಸ್ತಕದಲ್ಲಿ ಇಂಗ್ಲಿಷ್ ತಾರೀಖನ್ನೂ ನಮ್ಮ ಸಂವತ್ಸರ ತಿಥಿಗಳನ್ನೂ ಕೂಡಿಸಿ, ಬಂದಿದ್ದ ಬಂಧುಗಳ ಹೆಸರುಗಳೊಡನೆ ಹತ್ತು ಪಂಕ್ತಿಗಳನ್ನು ಬರೆದಿಟ್ಟರೆ ಸಾಕು. ಅಕ್ಷರ ಬಲ್ಲ ಅಜ್ಜಿಯರಿದ್ದರೆ ಅವರ ಕೈಯಿಂದಲೇ ಬರೆಸಿದರೆ ಇನ್ನೂ ಲೇಸು. ಯಾವ ದೊರೆಯ ಆಜ್ಞೆಯೂ ಇಲ್ಲದೆ ಗೃಹಸ್ಥರು ತಾವಾಗಿಯೇ ಹೊತ್ತುಕೊಳ್ಳಬಹುದಾದ ಕಟ್ಟಳೆಯಿದು. ಸಕಾಲದಲ್ಲಿ ಹೊತ್ತುಕೊಂಡರೆ, ನೂರು ವರ್ಷಗಳ ಮೇಲೆ ಈ ಮಗುವಿನ ಮರಿಮಕ್ಕಳು ತಮ್ಮ ಹಿರಿಯರು ತೀರಿದ ತಿಥಿಯೊಡನೆ ಹುಟ್ಟಿದ ದಿನವನ್ನೂ ತಡವರಿಸದೆ ಹೇಳುವಂತಾಗುವುದು.